ಕಾರ್ಖಾನೆಯ ಕುರ್ಚಿಗೆ ಮನೆಯ ಕೈ

ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಮರದ ಪೆಟ್ಟಿಗೆಯಲ್ಲಿ ಎಷ್ಟು ಕುರ್ಚಿಗಳು ಹಿಡಿಸಬಹುದು? ಜೋಡಿಸಿ ನಿಲ್ಲಿಸಿದ ಕುರ್ಚಿಗಳಾದರೆ ಮೂರೋ ನಾಲ್ಕೋ. 19ನೆಯ ಶತಮಾನದ ಉತ್ತರಾರ್ಧದಲ್ಲಿ ವಿಯೆನ್ನಾದ ಟೋನೆಟ್ ಕಂಪನಿ ಅಂಥ ಪೆಟ್ಟಿಗೆಯಲ್ಲಿ 36 ಕುರ್ಚಿಗಳನ್ನು ತುಂಬಿ ದೇಶಾಂತರಕ್ಕೆ ಕಳಿಸುತ್ತಿತ್ತು. ಗುಟ್ಟೇನೂ ದೊಡ್ಡದಲ್ಲ. ಪೆಟ್ಟಿಗೆಯೊಳಗೆ ಇರುತ್ತಿದ್ದದ್ದು ಕುರ್ಚಿಗಳಲ್ಲ, ಕುರ್ಚಿಯ ಬಿಡಿಭಾಗಗಳು. ತಲುಪಿದ ಊರಿನಲ್ಲಿ ಯಾರಾದರೂ ಅವನ್ನು ಹೊರತೆಗೆದು ಸ್ಕ್ರೂ ತಿರುಗಿಸಿ ನಿಲ್ಲಿಸಬೇಕಿತ್ತು. ಕಾರ್ಖಾನೆಯ ಕೆಲಸದ ಕೊನೆಯ ತುಣುಕೊಂದು ಹೀಗೆ ಕಾರ್ಖಾನೆಯ ಗೋಡೆ ದಾಟಿ ಹೊರಗಿನವರ ಕೈಗೆ ಬಂದಿತು. ಯಂತ್ರ ತಯಾರಿಸಿದ ಪೀಠೋಪಕರಣದಲ್ಲಿ ಬಳಸುವವನ ಕೈಗೂ ಒಂದು ಪಾಲು ದೊರೆತ ಕಥೆಯನ್ನು ಈ ಪೆಟ್ಟಿಗೆಯಿಂದಲೇ ಆರಂಭಿಸುವುದು ಸೂಕ್ತ.

ಮಿಖಾಯೆಲ್ ಟೋನೆಟ್ 1796ರಲ್ಲಿ ರೈನ್ ನದಿಯ ದಂಡೆಯ ಬೊಪ್ಪಾರ್ಡ್ ಎಂಬ ಊರಿನಲ್ಲಿ ಹುಟ್ಟಿದ ಬಡಗಿ. ಮರವನ್ನು ಕೊಯ್ದು ಕೆತ್ತುವುದಕ್ಕಿಂತ ಬಗ್ಗಿಸುವುದೇ ಲೇಸು ಎಂಬ ಹುಚ್ಚು ಅವನಿಗೆ ಹಿಡಿದಿತ್ತು. ಆಸ್ಟ್ರಿಯಾದ ಪ್ರಬಲ ಮಂತ್ರಿ ಮೆಟರ್ನಿಕ್‌ನ ಆಹ್ವಾನದ ಮೇರೆಗೆ 1842ರಲ್ಲಿ ವಿಯೆನ್ನಾ ಸೇರಿದ ಅವನು, ಗಟ್ಟಿ ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆತ್ತಗಾಗಿಸಿ ಅಚ್ಚಿಗೆ ಕಟ್ಟಿ ಬಗ್ಗಿಸುವ ಉಪಾಯ ಕಂಡುಹಿಡಿದ. ಬಗ್ಗಿಸುವಾಗ ಕೋಲಿನ ಹೊರಮೈ ಎಳೆದಂತಾಗಿ ಸೀಳುವುದು ಸಹಜ. ಅದನ್ನು ತಡೆಯಲು ಹೊರಮೈಗೆ ಉದ್ದಕ್ಕೂ ಲೋಹದ ಪಟ್ಟಿ ಬಿಗಿದರೆ ಮರ ಹಿಗ್ಗುವ ಬದಲು ಒಳಮೈಯಲ್ಲಿ ಕುಗ್ಗುತ್ತದೆ, ಸೀಳುವುದಿಲ್ಲ. ಈ ವಿಧಾನಕ್ಕೆ 1856ರಲ್ಲಿ ಹಕ್ಕುಪತ್ರ ದೊರೆಯಿತು. ಮಾರನೆಯ ವರ್ಷ ಬೀಚ್ ಕಾಡುಗಳ ನಡುವೆ, ಮೊರಾವಿಯಾದ ಕೊರಿಚಾನ್‌ನಲ್ಲಿ ಕಾರ್ಖಾನೆ ಎದ್ದಿತು. 1859ರಲ್ಲಿ ಹೊರಬಂದ 14ನೆಯ ನಮೂನೆಯ ಕುರ್ಚಿಯಲ್ಲಿ ಇದ್ದದ್ದು ಮರದ ಆರು ಭಾಗಗಳು, ಹತ್ತು ಸ್ಕ್ರೂ, ಎರಡು ನಟ್ಟು. 1930ರ ಹೊತ್ತಿಗೆ ಅದು ಸುಮಾರು 5 ಕೋಟಿ ಮಾರಾಟವಾಗಿತ್ತು. ಯುರೋಪಿನ ಕಾಫಿ ಹೋಟೆಲುಗಳಲ್ಲಿ ಮಾತ್ರವಲ್ಲ, ಮುಂಬೈಯ ಇರಾನಿ ಹೋಟೆಲುಗಳಲ್ಲೂ ಅದೇ ಜಾತಿಯ ಬಾಗಿದ ಬೆನ್ನಿನ ಕುರ್ಚಿಗಳು ಕಾಣುತ್ತವೆ.

ಈ ಕುರ್ಚಿಯಲ್ಲಿ ಯಂತ್ರಕ್ಕೆ ಸಾಧ್ಯವಾಗದ ಭಾಗವೊಂದಿತ್ತು. ಅದು ಬೆತ್ತದ ಹೆಣಿಗೆಯ ಆಸನ. ಕಾರ್ಖಾನೆಯ ಸುತ್ತಲ ಹಳ್ಳಿಗಳ ಹೆಂಗಸರು ಚೌಕಟ್ಟುಗಳನ್ನು ಮನೆಗೆ ಒಯ್ದು, ಇಷ್ಟು ಆಸನಕ್ಕೆ ಇಷ್ಟು ಕೂಲಿ ಎಂಬ ಲೆಕ್ಕದಲ್ಲಿ ಹೆಣೆದು ಕೊಡುತ್ತಿದ್ದರು. ಚೌಕಟ್ಟು ನೂರು ವರ್ಷ ಬಾಳಿದರೂ ಹೆಣಿಗೆ ಅಷ್ಟು ಕಾಲ ಬಾಳದು. ಅದು ಹರಿದಾಗ ಕುರ್ಚಿಯ ಒಡೆಯ ತನಗೆ ತೋಚಿದ್ದನ್ನು ಮಾಡುತ್ತಾನೆ. ಮತ್ತೆ ಬೆತ್ತ ಹೆಣೆಸುತ್ತಾನೆ, ಪ್ಲೈವುಡ್ ಬಡಿಯುತ್ತಾನೆ, ಚರ್ಮದ ಹೊದಿಕೆ ಹಾಕಿಸುತ್ತಾನೆ. ಒಂದೇ ಅಚ್ಚಿನಿಂದ ಬಂದ ಎರಡು ಕುರ್ಚಿಗಳು ಐವತ್ತು ವರ್ಷಗಳ ನಂತರ ಒಂದರಂತೆ ಒಂದು ಇರುವುದಿಲ್ಲ.

ಅದೇ ಕಾಲದಲ್ಲಿ ಇಂಗ್ಲೆಂಡಿನ ವಿಲಿಯಂ ಮಾರಿಸ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದ. ಯಂತ್ರದಿಂದ ಬಂದದ್ದರಲ್ಲಿ ದುಡಿದವನ ಸಂತೋಷ ಇರುವುದಿಲ್ಲ, ವಸ್ತುಗಳು ಕುಶಲಕರ್ಮಿಯ ಕೈಯಿಂದಲೇ ಆಗಬೇಕು ಎಂಬುದು ಅವನ ವಾದ. 1861ರಲ್ಲಿ ಅವನು ಗೆಳೆಯರೊಡನೆ ಸ್ಥಾಪಿಸಿದ ಸಂಸ್ಥೆ ಅತ್ಯಂತ ಸುಂದರವಾದ ಸಾಮಗ್ರಿಗಳನ್ನು ತಯಾರಿಸಿತು. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಕೊಂಡದ್ದು ಸಿರಿವಂತರು. ಸಮಾಜವಾದಿಯಾಗಿದ್ದ ಮಾರಿಸ್‌ಗೆ ಈ ವಿಪರ್ಯಾಸ ಕೊನೆಯವರೆಗೂ ಕಾಡಿತು. ಬಡವನ ಮನೆಗೆ ಕುರ್ಚಿ ತಲುಪಿಸಿದ್ದು ಟೋನೆಟ್‌ನ ಹಬೆ ಯಂತ್ರವೇ.

ಕಾರ್ಖಾನೆಯ ಸರಕೂ ಬೇಕು, ಕೈಗೆಲಸವೂ ಬೇಕು ಎಂಬ ಮೂರನೆಯ ದಾರಿಯನ್ನು ತೋರಿಸಿದವರಲ್ಲಿ ಒಬ್ಬಳು ಅಮೆರಿಕದ ಲೂಯಿಸ್ ಬ್ರಿಗಂ. ಅವಳ ಕಥೆ ಉತ್ತರ ಧ್ರುವದ ಸಮೀಪದಿಂದ ಆರಂಭವಾಗುತ್ತದೆ. 1906 ಮತ್ತು 1907ರ ಬೇಸಿಗೆಗಳನ್ನು ಅವಳು ಸ್ಪಿಟ್ಸ್‌ಬರ್ಗನ್ ದ್ವೀಪದ ಕಲ್ಲಿದ್ದಲು ಗಣಿಯೊಂದರ ಬಿಡಾರದಲ್ಲಿ ಕಳೆದಳು. ಅಲ್ಲಿ ಕಡಿಯಲು ಒಂದು ಮರವಿಲ್ಲ. ಮನುಷ್ಯರಿಗೆ ಬೇಕಾದ ಪ್ರತಿಯೊಂದೂ ಹಡಗಿನಲ್ಲಿ, ಮರದ ಪೆಟ್ಟಿಗೆಗಳಲ್ಲಿ ಬರಬೇಕು. ಸಾಮಾನು ಖರ್ಚಾಗುತ್ತಿತ್ತು, ಪೆಟ್ಟಿಗೆಗಳು ಮಾತ್ರ ರಾಶಿಯಾಗಿ ಉಳಿಯುತ್ತಿದ್ದವು. ಬ್ರಿಗಂ ಆ ಪೆಟ್ಟಿಗೆಗಳನ್ನೇ ಬಿಚ್ಚಿ ಮೇಜು, ಕಪಾಟು, ಕುರ್ಚಿಗಳನ್ನು ಮಾಡಿದಳು. 1909ರಲ್ಲಿ ಅವಳ ‘ಬಾಕ್ಸ್ ಫರ್ನಿಚರ್’ ಪುಸ್ತಕ ಪ್ರಕಟವಾಯಿತು. ಪೆಟ್ಟಿಗೆಗಳಿಂದ ಮನೆಗೆ ಬೇಕಾದ ನೂರು ವಸ್ತುಗಳನ್ನು ತಯಾರಿಸುವ ಬಗೆ ಅದರಲ್ಲಿದೆ. ನ್ಯೂಯಾರ್ಕಿನ ಬಡ ಮಕ್ಕಳಿಗೆ ಅವಳು ಈ ಕೆಲಸವನ್ನು ಕಲಿಸಿದಳು. ಮುಂದೆ, ಮನೆಯಲ್ಲಿ ಜೋಡಿಸಿಕೊಳ್ಳಬಹುದಾದ ಪೀಠೋಪಕರಣಗಳ ಬಿಡಿಭಾಗಗಳನ್ನು ಅಂಚೆಯಲ್ಲಿ ಮಾರುವ ಉದ್ಯಮಕ್ಕೂ ಕೈಹಾಕಿದಳು. ಪೀಠೋಪಕರಣದ ಇತಿಹಾಸ ಬರೆದವರು ಬಹುಕಾಲ ಅವಳ ಹೆಸರನ್ನು ಎತ್ತಲಿಲ್ಲ. ಬಡವರ ಪೆಟ್ಟಿಗೆ ಕೆಲಸ ಕಲೆಯ ಇತಿಹಾಸಕ್ಕೆ ಸೇರುವುದಿಲ್ಲ ಎಂದೋ, ಮಾಡಿದವಳು ಹೆಂಗಸು ಎಂದೋ, ಅವರೇ ಹೇಳಬೇಕು.

ಪೆಟ್ಟಿಗೆಯ ಹಲಗೆಗೆ ಗೌರವ ದೊರೆತದ್ದು 1934ರಲ್ಲಿ, ಹಾಲೆಂಡಿನ ಗೆರಿಟ್ ರೀಟ್‌ವೆಲ್ಡ್‌ನಿಂದ. ಕೆಂಪು-ನೀಲಿ ಕುರ್ಚಿಯಿಂದ ಆಗಲೇ ಪ್ರಸಿದ್ಧನಾಗಿದ್ದ ಅವನು ಸಾಗಾಣಿಕೆಯ ಪೆಟ್ಟಿಗೆಗೆ ಬಳಸುವ ಅಗ್ಗದ ಹಲಗೆಗಳಿಂದಲೇ ಕುರ್ಚಿ, ಮೇಜುಗಳ ನಮೂನೆ ಮಾಡಿದ. ಆಮ್‌ಸ್ಟರ್‌ಡಾಮಿನ ಮೆಟ್ಜ್ ಎಂಬ ಪ್ರತಿಷ್ಠಿತ ಅಂಗಡಿ ಅವನ್ನು ಬಿಡಿ ಹಲಗೆಗಳಾಗಿಯೇ ಮಾರಿತು. ಜೋಡಿಸುವುದು, ಬಣ್ಣ ಬಳಿಯುವುದು ಕೊಂಡವರ ಪಾಲಿಗೆ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಇದು ಹೊಸ ರುಚಿಯೂ ಹೌದು, ಉಳಿತಾಯವೂ ಹೌದು.

ಈ ಉಳಿತಾಯವನ್ನು ಒಂದು ಸಾಮ್ರಾಜ್ಯವಾಗಿ ಬೆಳೆಸಿದ್ದು ಸ್ವೀಡನ್ನಿನ ಐಕಿಯಾ. ಇಂಗ್ವಾರ್ ಕಾಂಪ್ರಾಡ್ ಎಂಬ ಹದಿನೇಳರ ಹುಡುಗ 1943ರಲ್ಲಿ ಆರಂಭಿಸಿದ ಈ ವ್ಯಾಪಾರ ಪೀಠೋಪಕರಣಕ್ಕೆ ಕಾಲಿಟ್ಟದ್ದು 1948ರಲ್ಲಿ. 1956ರಲ್ಲಿ ಸಂಸ್ಥೆಯ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್ ಎಲೆಯಾಕಾರದ ಮೇಜೊಂದನ್ನು ಕಾರಿನಲ್ಲಿ ಸಾಗಿಸಬೇಕಾಗಿ ಬಂತು. ಮೇಜು ಕಾರಿನೊಳಗೆ ಹಿಡಿಸಲಿಲ್ಲ. ಕಾಲುಗಳನ್ನು ಕಳಚಿ ಇಟ್ಟ. ಕಂಪನಿ ತನ್ನ ಹುಟ್ಟಿನ ಪುರಾಣದಂತೆ ಹೇಳಿಕೊಳ್ಳುವ ಕಥೆ ಇದು. ಕಳಚುವ ಪೀಠೋಪಕರಣ ಸ್ವೀಡನ್ನಿನಲ್ಲೇ ಅದಕ್ಕೂ ಮೊದಲು ಇತ್ತು, ಟೋನೆಟ್ ಅಂತೂ ನೂರು ವರ್ಷದ ಹಿಂದೆಯೇ ಅದನ್ನು ಮಾಡಿದ್ದ. ಐಕಿಯಾ ಹೊಸದಾಗಿ ಕಂಡುಕೊಂಡದ್ದು ಬೇರೆಯದು. ಚಪ್ಪಟೆ ಪೆಟ್ಟಿಗೆಯನ್ನು ಗಿರಾಕಿಯೇ ಹೊತ್ತು ಮನೆಗೆ ಒಯ್ದು, ಆರು ಮೂಲೆಯ ಪುಟ್ಟ ಕೀಲಿಯೊಂದನ್ನು ಹಿಡಿದು ತಾನೇ ಜೋಡಿಸಿಕೊಂಡರೆ ಸಾಗಾಣಿಕೆಯ ಖರ್ಚೂ ಇಲ್ಲ, ಜೋಡಿಸುವ ಕೂಲಿಯೂ ಇಲ್ಲ. ಗಿರಾಕಿ ಸಂಬಳವಿಲ್ಲದ ಕೆಲಸಗಾರನಾದ. ಸರಕಿನ ಬೆಲೆ ಇಳಿಯಿತು ಎಂಬ ಸಮಾಧಾನ ಅವನಿಗೆ.

ಸಂಬಳವಿಲ್ಲದ ಈ ದುಡಿಮೆಯನ್ನು ಗಿರಾಕಿ ಯಾಕೆ ಸಹಿಸುತ್ತಾನೆ? ಅಮೆರಿಕದ ಮೂವರು ಸಂಶೋಧಕರಾದ ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್ ಮತ್ತು ಡ್ಯಾನ್ ಏರಿಯೆಲಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೊಂದು ಉತ್ತರ ಕೊಟ್ಟವು. ಕೆಲವರಿಗೆ ಐಕಿಯಾದ ಸಾದಾ ಪೆಟ್ಟಿಗೆಯನ್ನು ಜೋಡಿಸಲು ಹೇಳಲಾಯಿತು. ಉಳಿದವರಿಗೆ ಜೋಡಿಸಿದ್ದನ್ನೇ ಕೊಡಲಾಯಿತು. ಎಷ್ಟು ಕೊಟ್ಟು ಕೊಳ್ಳುವಿರಿ ಎಂದು ಕೇಳಿದಾಗ ಎರಡನೆಯವರು ಸರಾಸರಿ 48 ಸೆಂಟ್ ಎಂದರೆ, ಜೋಡಿಸಿದವರು 78 ಸೆಂಟ್ ಎಂದರು. ಕಾಗದ ಮಡಚಿ ಕಪ್ಪೆ, ಕೊಕ್ಕರೆ ಮಾಡಿದವರು ತಮ್ಮ ಸೊಟ್ಟ ಕೆಲಸಕ್ಕೆ ನುರಿತವರ ಕೆಲಸದ ಬೆಲೆಯನ್ನೇ ಹೆಚ್ಚುಕಡಿಮೆ ಕಟ್ಟಿದರು. ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದವರಲ್ಲಿ ಮಾತ್ರ ಈ ಮಮತೆ ಕಾಣಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ನಮ್ಮ ಅಜ್ಜಿಯರು ಪ್ರಯೋಗವಿಲ್ಲದೆಯೇ ಹೇಳಿದ್ದರು.

ಆದರೆ ಕಂಪನಿ ಹೇಳಿದ ಕ್ರಮದಲ್ಲಿ ಸ್ಕ್ರೂ ತಿರುಗಿಸುವುದನ್ನು ಕೈಗೆಲಸ ಎನ್ನಬಹುದೇ? ಈ ಪ್ರಶ್ನೆಯನ್ನು ಅತ್ಯಂತ ಮೊನಚಾಗಿ ಎತ್ತಿದವನು ಇಟಲಿಯ ವಿನ್ಯಾಸಕ ಎಂಜೊ ಮಾರಿ. 1974ರಲ್ಲಿ ಮಿಲಾನಿನ ಒಂದು ಕಲಾ ಗ್ಯಾಲರಿಯಲ್ಲಿ ಅವನು ಮೇಜು, ಕುರ್ಚಿ, ಮಂಚ, ಬೆಂಚು, ಕಪಾಟುಗಳ 19 ನಮೂನೆಗಳನ್ನು ಮುಂದಿಟ್ಟ. ಬೇಕಾದ ಸಾಮಗ್ರಿ, ಯಾವ ಮರದ ಅಂಗಡಿಯಲ್ಲೂ ಸಿಗುವ ಸಿದ್ಧ ಅಳತೆಯ ಹಲಗೆಗಳು ಮತ್ತು ಮೊಳೆಗಳು. ಉಪಕರಣ, ಗರಗಸ ಮತ್ತು ಸುತ್ತಿಗೆ. ಅಂಚೆ ಖರ್ಚು ಕಳಿಸಿದವರಿಗೆಲ್ಲ ನಕ್ಷೆ ಉಚಿತ. ಯಾರು ಬೇಕಾದರೂ ಮಾಡಿಕೊಳ್ಳಬಹುದು, ಕಾರ್ಖಾನೆಗಳಿಗೂ ವ್ಯಾಪಾರಿಗಳಿಗೂ ಮಾತ್ರ ಅನುಮತಿ ಇಲ್ಲ. ಮಾಡಿದವರು ತಮ್ಮ ಮಾರ್ಪಾಡುಗಳ ಫೋಟೊ ಕಳಿಸಬೇಕೆಂದೂ ಕೋರಿದ್ದ.

ಬಡಗಿಗಳನ್ನು ಸೃಷ್ಟಿಸುವುದು ಮಾರಿಯ ಉದ್ದೇಶವಾಗಿರಲಿಲ್ಲ. ಒಂದು ಮೇಜನ್ನು ಸ್ವತಃ ಮೊಳೆ ಹೊಡೆದು ನಿಲ್ಲಿಸಿದವನಿಗೆ ಕಾಲು ಯಾಕೆ ಅಲ್ಲಾಡುತ್ತದೆ, ಅಡ್ಡಪಟ್ಟಿ ಯಾಕೆ ಬೇಕು ಎಂಬುದು ತಿಳಿಯುತ್ತದೆ. ಅಷ್ಟು ತಿಳಿದವನು ಅಂಗಡಿಯಲ್ಲಿ ಮಿರುಗುವ ಕಳಪೆ ಮೇಜಿಗೆ ಮೋಸಹೋಗುವುದಿಲ್ಲ. ಇದು ಅವನ ಲೆಕ್ಕಾಚಾರ. ಸಾವಿರಾರು ಪತ್ರಗಳು ಬಂದವು. ಹೆಚ್ಚಿನವರು ಮಾತ್ರ ಇದನ್ನು ಹಳ್ಳಿಗಾಡಿನ ಒರಟು ಚೆಲುವಿನ ಒಂದು ಹೊಸ ಶೈಲಿ ಎಂದು ತಿಳಿದು, ರಜಾದಿನದ ಮನೆಗೆ ಚೆನ್ನಾಗಿರುತ್ತದೆ ಎಂದುಕೊಂಡರು. ತನ್ನ ಮಾತು ಅರ್ಥವಾದದ್ದು ಬೆರಳೆಣಿಕೆಯ ಜನಕ್ಕೆ ಎಂಬ ಕಹಿ ಮಾರಿಗೆ ಉಳಿದುಹೋಯಿತು. 2010ರಲ್ಲಿ ಫಿನ್ಲೆಂಡಿನ ಆರ್ಟೆಕ್ ಕಂಪನಿ ಅವನ ಒಪ್ಪಿಗೆಯಿಂದಲೇ ಆ ನಮೂನೆಯ ಕುರ್ಚಿಯೊಂದನ್ನು ಕತ್ತರಿಸಿದ ಹಲಗೆ, ಮೊಳೆಗಳ ಕಟ್ಟಾಗಿ ಮಾರಾಟಕ್ಕಿಟ್ಟಿತು. ಕಾರ್ಖಾನೆಗೆ ಬಾಗಿಲು ಮುಚ್ಚಿ ಹುಟ್ಟಿದ ಕುರ್ಚಿ ಕಾರ್ಖಾನೆಯ ಪೆಟ್ಟಿಗೆಯನ್ನೇ ಸೇರಿತು.

ಮಾರಿಯ ನಕ್ಷೆಗಳಿಗೆ ಅವನೂ ಊಹಿಸದಿದ್ದ ಬಾಳು ಬರ್ಲಿನ್ನಿನಲ್ಲಿ ದೊರೆಯಿತು. 2013-14ರ ಸುಮಾರಿಗೆ, ಆಫ್ರಿಕದಿಂದ ಮೆಡಿಟರೇನಿಯನ್ ದಾಟಿ ಇಟಲಿಯ ಲಾಂಪೆಡೂಸ ದ್ವೀಪದ ಮೂಲಕ ಬಂದ ಕೆಲವು ಯುವ ನಿರಾಶ್ರಿತರು ಅಲ್ಲಿ ‘ಕುಕುಲಾ’ ಎಂಬ ಕಾರ್ಯಾಗಾರ ಕಟ್ಟಿದರು. ವ್ಯಾಪಾರಕ್ಕೆ ಬಳಸಕೂಡದು ಎಂದಿದ್ದ ಮಾರಿ, ಈ ಹುಡುಗರಿಗೆ ತನ್ನ ನಮೂನೆಗಳನ್ನು ಮಾಡಿ ಮಾರುವ ಹಕ್ಕು ಕೊಟ್ಟ. ಅವರು ನಕ್ಷೆಯಂತೆ ಕುರ್ಚಿ ಮಾಡಿದರು. ಕೆಲವು ಕುರ್ಚಿಗಳಲ್ಲಿ ಮಾತ್ರ ಹೊಸ ಹಲಗೆಯ ಜಾಗದಲ್ಲಿ, ಲಾಂಪೆಡೂಸದ ದಡದಲ್ಲಿ ಬಿದ್ದಿದ್ದ ನಿರಾಶ್ರಿತರ ದೋಣಿಗಳ ಬಣ್ಣ ಮಾಸಿದ ತುಂಡುಗಳನ್ನು ಕೂರಿಸಿದರು. ಅಳತೆ ಮಾರಿಯದು, ಹಲಗೆ ಅವರದು. ಮಾರಿ 2020ರ ಅಕ್ಟೋಬರಿನಲ್ಲಿ ಮಿಲಾನಿನಲ್ಲಿ ತೀರಿಕೊಂಡ.

ಇತ್ತ ಐಕಿಯಾದ ಗಿರಾಕಿಗಳೂ ಸುಮ್ಮನೆ ಕೂತಿರಲಿಲ್ಲ. ಪುಸ್ತಕದ ಕಪಾಟನ್ನು ಅಡ್ಡ ಮಲಗಿಸಿ ಬೆಂಚು ಮಾಡುವುದು, ಅಡುಗೆಮನೆಯ ಮೆಟ್ಟಿಲುಮಣೆಗೆ ಕಟಕಟೆ ಸೇರಿಸಿ ಮಗು ನಿಲ್ಲುವಂತೆ ಮಾಡುವುದು, ಬಣ್ಣ ಹಾಕದ ಪೈನ್ ಕಪಾಟಿಗೆ ಅಜ್ಜಿಯ ಊರಿನ ಹೂಬಳ್ಳಿ ಬರೆಯುವುದು, ಹೀಗೆ ದೇಶದೇಶಗಳಲ್ಲಿ ಜನ ತಮ್ಮ ಕೈಚಳಕ ತೋರಿದರು. 2006ರಲ್ಲಿ ಮಲೇಷ್ಯಾದ ಮಹಿಳೆಯೊಬ್ಬರು ಇಂಥ ಮಾರ್ಪಾಡುಗಳನ್ನೆಲ್ಲ ಒಂದೆಡೆ ಕಲೆಹಾಕುವ ಜಾಲತಾಣ ತೆರೆದರು. ಎಂಟು ವರ್ಷ ಕಂಪನಿ ನೋಡಿಯೂ ನೋಡದಂತಿತ್ತು. 2014ರಲ್ಲಿ ಅದರ ವಕೀಲರು, ನಮ್ಮ ಹೆಸರು ಬಳಸಿದ್ದೀರಿ, ತಾಣದ ವಿಳಾಸವನ್ನು ಬಿಟ್ಟುಕೊಡಿ ಎಂದು ಪತ್ರ ಬರೆದರು. ಸುದ್ದಿ ಹರಡಿತು, ಗಿರಾಕಿಗಳೇ ಸಿಟ್ಟಿಗೆದ್ದರು, ಕಂಪನಿ ಹಿಂದೆ ಸರಿಯಿತು. ಕಾಸು ಕೊಟ್ಟು ತಂದ ಕಪಾಟನ್ನು ಕೊಯ್ಯುವುದು ಕೊಂಡವನ ಹಕ್ಕು. ಆದರೆ ಕೊಯ್ದ ಮೇಲೂ ಅದರ ಹೆಸರು ಕಂಪನಿಯ ಸೊತ್ತೇ? ಕಾನೂನಿಗೆ ಇದು ಇಂದಿಗೂ ಇಕ್ಕಟ್ಟಿನ ಪ್ರಶ್ನೆ. ವ್ಯಾಪಾರದ ಜಾಣ್ಮೆಗೆ ಅಷ್ಟು ಇಕ್ಕಟ್ಟಿಲ್ಲ. 2018ರಲ್ಲಿ ಐಕಿಯಾ, ಬ್ರಿಟನ್ನಿನ ವಿನ್ಯಾಸಕ ಟಾಮ್ ಡಿಕ್ಸನ್ ಜೊತೆಗೂಡಿ ಒಂದು ಅಲ್ಯುಮಿನಿಯಂ ಚೌಕಟ್ಟನ್ನೇ ಮಾರಾಟಕ್ಕೆ ತಂದಿತು. ಅದನ್ನು ಸೋಫಾ ಮಾಡುವುದೋ ಮಂಚ ಮಾಡುವುದೋ, ಏನು ಸೇರಿಸುವುದೋ ನಿಮ್ಮ ಇಷ್ಟ ಎಂದಿತು. ಎದುರಿಸಲಾಗದ ಹವ್ಯಾಸವನ್ನು ಸರಕಿನ ಪಟ್ಟಿಗೆ ಸೇರಿಸಿಕೊಂಡಂತಾಯಿತು.

ಕಂಪನಿ ಒಪ್ಪಲಿ ಬಿಡಲಿ, ಒಪ್ಪದಿರುವ ಇನ್ನೊಂದು ಇದೆ. ಅದು ಸರಕಿನ ಮೈ. ಟೋನೆಟ್‌ನ ಬೀಚ್ ಮರವನ್ನಾಗಲಿ ಬ್ರಿಗಂಳ ಪೆಟ್ಟಿಗೆ ಹಲಗೆಯನ್ನಾಗಲಿ ಕೀಸಬಹುದು, ಕೊರೆಯಬಹುದು, ಮತ್ತೆ ಮೊಳೆ ಹೊಡೆಯಬಹುದು. ಇಂದಿನ ಅಗ್ಗದ ಪೀಠೋಪಕರಣದ ಬಹುಪಾಲು ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ ಅದು. ಅದಕ್ಕೆ ಎಳೆಯಿಲ್ಲ. ಒಮ್ಮೆ ತೆಗೆದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಕೀಸುಳಿ ಆಡಿಸಿದರೆ ಪುಡಿಯಾಗುತ್ತದೆ, ನೀರು ಕುಡಿದರೆ ಊದಿಕೊಳ್ಳುತ್ತದೆ. ಐಕಿಯಾದ ‘ಲಾಕ್’ ಎಂಬ ಜನಪ್ರಿಯ ಪುಟ್ಟ ಮೇಜನ್ನು ಗರಗಸದಿಂದ ಕೊಯ್ದರೆ ಒಳಗೆ ಕಾಣುವುದು ಜೇನುಗೂಡಿನಂತೆ ಮಡಚಿದ ಕಾಗದ. ಹಗುರವಾಗಲು, ಅಗ್ಗವಾಗಲು ಅದು ಒಳ್ಳೆಯ ಉಪಾಯವೇ. ಆದರೆ ಬಳಸುವವನ ಕೈ ಹೊರಮೈಯಲ್ಲೇ ನಿಲ್ಲಬೇಕಾಗುತ್ತದೆ. ಬಣ್ಣ, ಹಿಡಿಕೆ, ಅಂಟಿಸುವ ಕಾಗದ, ಹೆಚ್ಚೆಂದರೆ ಹೊಸ ಕಾಲು. ಕಳೆದ ನೂರು ವರ್ಷಗಳಲ್ಲಿ ಗಿರಾಕಿಗೆ ಜೋಡಿಸುವ ಕೆಲಸ ಹೆಚ್ಚಿತು, ತಿದ್ದುವ ಅವಕಾಶ ಕಡಿಮೆಯಾಯಿತು.

ನಮ್ಮ ಮನೆಗಳಿಗೆ ಕಾರ್ಖಾನೆಯ ಪೀಠೋಪಕರಣ ಗಟ್ಟಿಯಾಗಿ ಕಾಲಿಟ್ಟದ್ದು ಮರದ ರೂಪದಲ್ಲಲ್ಲ, ಉಕ್ಕಿನ ರೂಪದಲ್ಲಿ. ಬೀಗಗಳಿಗೆ ಹೆಸರಾಗಿದ್ದ ಗೋದ್ರೆಜ್ ಸಂಸ್ಥೆ 1923ರಲ್ಲಿ ಉಕ್ಕಿನ ಕಪಾಟು ತಯಾರಿಸತೊಡಗಿತು. ಕನ್ನಡದ ಬಾಯಿಯಲ್ಲಿ ಅದು ‘ಗಾಡ್ರೇಜ್ ಬೀರು’ ಆಯಿತು. ಬೇರೆ ಯಾರು ಮಾಡಿದರೂ ಹೆಸರು ಅದೇ. ಉಕ್ಕನ್ನು ಮನೆಯಲ್ಲಿ ಕೊಯ್ಯಲಾಗದು, ಕೀಸಲಾಗದು. ಆದರೂ ಬೀರು ಮನೆಯದಾಯಿತು. ಲಕ್ಷ್ಮೀಪೂಜೆಯ ದಿನ ಅದರ ನೆತ್ತಿಗೆ ಅರಿಶಿನ ಕುಂಕುಮ, ಬಾಗಿಲ ಮೇಲೊಂದು ಶ್ರೀ. ಕನ್ನಡಿಯ ಅಂಚಿನಲ್ಲಿ ಮನೆಯ ಹೆಂಗಸರು ಅಂಟಿಸಿಟ್ಟ ಬೊಟ್ಟುಗಳ ಸಾಲು, ಕೆಳಗೆ ಮಕ್ಕಳು ಅಂಟಿಸಿದ ಕ್ರಿಕೆಟ್ ಆಟಗಾರ. ಸ್ಟೀಲ್ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಕೊರೆಸಿ ಮದುವೆಗೆ ಉಡುಗೊರೆ ಕೊಡುವುದೂ ಇದೇ ಬಗೆಯದು. ಸಾವಿರ ತಪ್ಪಲೆಗಳಲ್ಲಿ ಒಂದು ತಪ್ಪಲೆ ನಮ್ಮದೆಂದು ಗುರುತಾಗಲು ಅಷ್ಟು ಸಾಕು. ನಾಲ್ಕಾರು ಮನೆಯವರು ಸೇರಿ ಊಟಕ್ಕೆ ಬಡಿಸುವ ಊರಿನಲ್ಲಿ ಅದು ಅಲಂಕಾರವಷ್ಟೇ ಅಲ್ಲ, ಅಗತ್ಯ.

ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಬಡಗಿಯ ಕೂಲಿ ದುಬಾರಿಯಾದ ಯುರೋಪಿನಲ್ಲಿ ಬಳಸುವವನೇ ಸುತ್ತಿಗೆ ಹಿಡಿದ. ಇಲ್ಲಿ ಬಳಸುವವನ ಕೈ ಎಂದರೆ ಬಹುಮಟ್ಟಿಗೆ ಅವನು ಕರೆಸಿದ ಆಚಾರಿಯ ಕೈ. ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿಯ ಆಸನವನ್ನು ಮತ್ತೆ ಹೆಣೆದು ಕೊಟ್ಟವರಲ್ಲಿ, ಅದೇ ಕೆಲಸದಲ್ಲಿ ತರಬೇತಿ ಪಡೆದ ಅಂಧರು ಬಹಳ ಮಂದಿ ಇದ್ದರು. ಬೆತ್ತ ಹೋಗಿ ಪ್ಲಾಸ್ಟಿಕ್ ವೈರ್ ಬಂದಾಗ, ವೈರ್ ಬುಟ್ಟಿ ಹೆಣೆದು ಪಳಗಿದ ಮನೆಯ ಕೈಗಳೇ ಕಬ್ಬಿಣದ ಕುರ್ಚಿಗೂ ಎರಡು ಬಣ್ಣದ ಚೌಕುಳಿ ಹಾಕಿದವು.

ಐಕಿಯಾ ಭಾರತದಲ್ಲಿ ಮೊದಲ ಮಳಿಗೆ ತೆರೆದದ್ದು 2018ರ ಆಗಸ್ಟಿನಲ್ಲಿ, ಹೈದರಾಬಾದಿನಲ್ಲಿ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂತು. ನೀವೇ ಜೋಡಿಸಿಕೊಳ್ಳಿ ಎಂಬ ಮಾತಿನ ಮೇಲೆಯೇ ಬೆಳೆದ ಕಂಪನಿ ಇಲ್ಲಿ, ದುಡ್ಡು ಕೊಟ್ಟರೆ ಜೋಡಿಸಿ ಕೊಡುವವರನ್ನೂ ಕಳಿಸುತ್ತದೆ. ಅವರು ಹೋದ ಮೇಲೆ ಬರುವವನು ಬೀದಿಯ ಬಡಗಿ. ಪಾರ್ಟಿಕಲ್ ಬೋರ್ಡನ್ನು ಉಗುರಿನಿಂದ ಕೆರೆದು ನೋಡಿ ಇದೂ ಒಂದು ಮರವೇ ಎನ್ನುವ ಗತ್ತು ಅವನದು. ಆದರೂ ಕೆಲಸ ಬಿಡುವುದಿಲ್ಲ. ದಿನಾ ನೀರು ಹಾಕಿ ನೆಲ ಒರೆಸುವ ಮನೆಯಲ್ಲಿ ಈ ಕಪಾಟಿನ ಬುಡ ಊದಿಕೊಳ್ಳುವುದು ಖಚಿತ. ಅದಕ್ಕೆ ಕೆಳಗೆ ನಾಲ್ಕು ಬೆರಳು ಎತ್ತರದ ಗಟ್ಟಿ ಮರದ ಕಾಲುಗಳನ್ನು ಕೊಡುತ್ತಾನೆ, ಅಂಚಿಗೊಂದು ತೇಗದ ಪಟ್ಟಿ ಹೊಡೆಯುತ್ತಾನೆ.